ಮಾವನ ಹೊಟ್ಟೆಯೊಳಗಿನ ಮಂದೆ

ಕಳೆದ ಮಾಘದ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತು ದಾಟಿತ್ತು. ಚಳ್ಳಕೆರೆಯಲ್ಲಿ ಸೋದರಮಾವನ ಮನೆಯ ಪಡಸಾಲೆ. ಅವನು ಕಂಬಳಿ ನೇಯುವ ಕುಣಿಮಗ್ಗಕ್ಕೂ ಹೊಸಿಲಿಗೂ ನಡುವೆ ನಾನು ನಿಂತಿದ್ದೆ. ಇವತ್ತು ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದವರು ಬಾಟಲಿಯ ಮುಚ್ಚಳ ತೆಗೆದರು, ಹುಳಿ ಅಂಬಲಿಯ ವಾಸನೆ ಬಂತು. ಅದಕ್ಕೇ ಹೇಳುತ್ತಿದ್ದೇನೆ.

ಕುರಿ ಮಾರಿ ಮಗ್ಗಕ್ಕೆ ಕೂತ ಮೇಲೆ ಮಾವನ ನಡಿಗೆ ನಿಂತಿತು, ಬೇಕರಿಯ ಬೆಣ್ಣೆ ಬಿಸ್ಕತ್ತು ಶುರುವಾಯಿತು. ಹೊಟ್ಟೆಗೆ ಜಾಗ ಸಾಲದೆ ಮಗ್ಗದ ಕುಣಿಯನ್ನೇ ಹಿಂದಕ್ಕೆ ಅಗೆಸಿಕೊಂಡಿದ್ದ. ನಾನು ನಕ್ಕಿದ್ದೆ, ನನ್ನ ಬೆಲ್ಟಿನ ತುದಿಗೆ ಹೊಸ ತೂತು ಹೊಡೆಸಿದ್ದೂ ಅದೇ ವರ್ಷ.

ಒಮ್ಮೆ ಮಾವನಿಗೆ ಎದೆ ಹಿಡಿದುಕೊಂಡಾಗ ಡಾಕ್ಟರ ಬಳಿ ಕರೆದೊಯ್ದೆ. ಅವರು ಗುಳಿಗೆ ಬರೆದು, ಬಿಡಿಸಿ ಹೇಳಿದರು: ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ, ನಾವು ತಿಂದದ್ದೇ ಅವಕ್ಕೆ ಮೇವು. ಅವುಗಳ ಹದ ತಪ್ಪುವುದಕ್ಕೂ ಬೊಜ್ಜಿಗೂ ಹೃದಯಕ್ಕೂ ನಂಟಿದೆ. ಸೊಪ್ಪು, ಕಾಳು, ಅಂಬಲಿ, ಮಜ್ಜಿಗೆ ಒಳ್ಳೆಯದು. ಗುಳಿಗೆ ಮಾತ್ರ ತಪ್ಪಿಸಬಾರದು.

ಮೇವು ಎಂದದ್ದೇ ಮಾವನ ಮುಖ ಅರಳಿತು. “ಕುರಿ ಕಾದ ವಂಶ ಕಣಲೇ ಅಳಿಯ ನಮ್ದು. ಹೊರಗಿನ ಮಂದೆ ಹೋತು, ಒಳಗೊಂದು ಐತಂತೆ!”

ಬಿಸ್ಕತ್ತು ಬಿಟ್ಟ. ಅತ್ತೆ ರಾತ್ರಿ ರಾಗಿ ಅಂಬಲಿ ಹುಳಿಗಿಟ್ಟು, ಬೆಳಿಗ್ಗೆ ಮಜ್ಜಿಗೆ ಬೆರೆಸಿ ಕೊಡುತ್ತಿದ್ದಳು. ಹೊಟ್ಟೆ ಸ್ವಲ್ಪ ಇಳಿಯಿತು. ಎದುರುಮನೆಯ ಖಾದರ್ ಸಾಬರು ದಿನಾ ಬಂದು ಒಂದು ಲೋಟ ಕುಡಿದು, “ಏನ್ರಿ ಗೌಡ್ರೆ, ಕುರಿ ಮೇದ್ವಾ?” ಎನ್ನುತ್ತಿದ್ದರು.

ಆ ಸೋಮವಾರವೂ ಅವರು ಜಗಲಿಯಲ್ಲಿದ್ದರು. ಅವರಿಗೂ ನನಗೂ ಅಂಬಲಿ ಕೊಟ್ಟು, ಮಗ್ಗದಲ್ಲಿ ಕೂತಿದ್ದ ಮಾವನಿಗೂ ಅತ್ತೆ ಒಂದು ಲೋಟ ತಂದಳು. ಗುಳಿಗೆ ನುಂಗಿದೆಯಾ ಎಂದು ಕೇಳಿದೆ.

“ಬಿಟ್ಟು ತಿಂಗಳಾತು. ಔಷಧಿ ಬಿದ್ರೆ ಒಳಗಿನವು ಸಾಯಲ್ವೇನಲೇ? ಸಾಕಿದ ಮಂದೆಗೆ ಯಾರಾದ್ರು ವಿಷ ಇಡ್ತಾರಾ?”

“ನಂಗೆ ದಿನಾ ತಗಂಡೆ ಅಂತಿದ್ರಲ್ರಿ!” ಎಂದಳು ಅತ್ತೆ.

“ಅವು ಎದೆಗೆ ಕೊಟ್ಟಿರೋವು ಮಾವ. ಅಂಬಲಿ ಬೇರೆ, ಅವು ಬೇರೆ.”

“ಆತು ಬಿಡು, ಸಂಜಿಂದ ತಗಂತೀನಿ.”

ಅಂಬಲಿ ಕುಡಿದ. ಲೋಟವನ್ನು ಕೆಳಗಿಟ್ಟ. ಬಲಗೈ ಎಡತೋಳಿಗೆ ಹೋಯಿತು. ನೇಯ್ದಿದ್ದ ಕಂಬಳಿಯ ಮೇಲೆ ಬಾಗಿದ. ಖಾದರ್ ಸಾಬರು ಆಟೋ ತಂದರು. ಆಸ್ಪತ್ರೆ ತಲುಪುವಷ್ಟರಲ್ಲಿ ಮಾವ ಇರಲಿಲ್ಲ.

ಹಳಸಿದ ಅಂಬಲಿ ಕುಡಿಸಿದಳಂತೆ ಎಂದು ತಿಥಿಗೆ ಬಂದ ನೆಂಟರು ಪಿಸುಗುಟ್ಟಿದರು. ಅತ್ತೆಯ ಕಿವಿಗೂ ಬಿತ್ತು. ಈಗ ಅವಳು ರಾಗಿಹಿಟ್ಟು ಮುಟ್ಟುವುದಿಲ್ಲ. ಹೋದಾಗಲೆಲ್ಲ, “ನಿಜ ಹೇಳಪ್ಪ, ಕೆಟ್ಟಿತ್ತಾ?” ಎಂದು ಕೇಳುತ್ತಾಳೆ. ಇಲ್ಲ ಎಂದರೆ, ತನ್ನ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಳ್ಳುತ್ತಾಳೆ.

ಇವತ್ತು ಮನೆಗೆ ಹೋಗದೆ ಚಳ್ಳಕೆರೆಯ ಬಸ್ಸು ಹತ್ತಿದ್ದೇನೆ. ಈ ಸಲ ಒಬ್ಬನೇ ಹೇಳುವುದಿಲ್ಲ. ಅಂಬಲಿ ಕೆಟ್ಟಿರಲಿಲ್ಲ. ಅದೇ ಪಾತ್ರೆಯಿಂದ ಅದೇ ಬೆಳಿಗ್ಗೆ ನಾನು ಕುಡಿದಿದ್ದೆ. ಖಾದರ್ ಸಾಬರೂ ಕುಡಿದಿದ್ದರು, ಮಾವ ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರಿದ್ದಾರೆ, ಎದುರುಮನೆಯಲ್ಲೇ.