ಕೆಂಪು ಪಾಚಿಗೆ ಕಾವೇರಿ ನೀರು

ಮಲ್ಪೆಯ ಬಂಡೆಗಳಿಂದ ಕಿತ್ತ ಕೆಂಪು ಕಡಲಪಾಚಿಯನ್ನು ಸಮುದ್ರದ ನೀರಿನ ಜಾಡಿಯಲ್ಲಿಟ್ಟು, ಮೋಟಾರು ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದುಕೊಂಡೇ ಮೈಸೂರಿಗೆ ತಂದಿದ್ದೆ. ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಅದನ್ನು ಜೀವಂತವಾಗಿ ಕಂಡವರೇ ಇರಲಿಲ್ಲ. ಮರುದಿನ ನೋಡಿದರೆ ನೀರು ಗುಲಾಬಿಯಾಗಿತ್ತು, ಪಾಚಿ ಸತ್ತು ಹಸಿರಾಗಿತ್ತು.

"ಏನ್ರೀ ಮಾಡಿದ್ರಿ?" ಎಂದು ಅಟೆಂಡರ್ ಅಂತೋಣಪ್ಪನವರ ಮೇಲೆ ಕೂಗಾಡಿದೆ.

"ಉಪ್ಪುನೀರಲ್ಲಿ ಗಿಡ ಬದುಕುತ್ತಾ ಸ್ವಾಮಿ? ಚೆಲ್ಬುಟ್ಟು ಕಾವೇರಿ ನೀರು ತುಂಬಿದೆ."

"ಅದು ಬದುಕೋದೇ ಉಪ್ಪುನೀರಲ್ಲಿ ಕಣ್ರೀ! ಕೊಂದ್ಬುಟ್ರಲ್ಲ!"

"ಅಂಗಿದ್ರೆ ಜಾಡಿ ಮೇಲೆ ಬರೀಬೇಕಿತ್ತು," ಎಂದು ಅವರೇ ಮುನಿಸಿಕೊಂಡರು.

ಸಿಟ್ಟು ನುಂಗಿಕೊಂಡು ಅದನ್ನೇ ತರಗತಿಗೆ ಒಯ್ದೆ. ಕೆಂಪು ಬಣ್ಣ ನೀರಿಗೆ ಬಿಟ್ಟುಹೋದರೆ, ಅದರಡಿ ಅಡಗಿದ್ದ ಹಸಿರು ಹೇಗೆ ಕಾಣುತ್ತದೆಂದು ತೋರಿಸಿದೆ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಅಂತೋಣಪ್ಪನವರು ತಲೆಬಾಗಿ ಆ ಚಪ್ಪಾಳೆ ಸ್ವೀಕರಿಸಿದ್ದನ್ನು ಮಾತ್ರ ನಾನು ಇಂದಿಗೂ ಕ್ಷಮಿಸಿಲ್ಲ.