ಅಕ್ಕನ ತೋಟ ಬರೆಸಿಕೊಂಡದ್ದು

ಚನ್ನಪಟ್ಟಣದಲ್ಲಿ ನೋಂದಣಿ ಕಚೇರಿಯ ಎದುರು ಪತ್ರ ಬರೆಯುವುದು ನನ್ನ ಕಸುಬು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಏನು ಬೇಕಾದರೂ ಕೇಳಿ, ಮಧ್ಯಾಹ್ನದ ಊಟದೊಳಗೆ ಕೈಗಿಡುತ್ತೇನೆ. ತೋಳ್ಬಲಕ್ಕಿಂತ ಅಕ್ಷರದ ಬಲ ದೊಡ್ಡದು ಎಂದು ಯಾರಾದರೂ ವೇದಿಕೆ ಹತ್ತಿ ಭಾಷಣ ಬಿಗಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಸುಳ್ಳು ಹೇಳುತ್ತಾರೆಂದಲ್ಲ. ಅವರ ಮಾತು ನಿಜ, ಅದಕ್ಕೇ ಉರಿ.

ಊರು ಅಕ್ಕೂರಿನ ಕಡೆ. ಮನೆಯಲ್ಲಿ ಅಣ್ಣ, ಅಕ್ಕ, ಕೊನೆಗೆ ನಾನು. ಅಣ್ಣನಿಗೆ ಬಾಯಿಗಿಂತ ಮೊದಲು ಕೈ ಬರುತ್ತಿತ್ತು. ಎಮ್ಮೆ ಒದ್ದರೂ ಏಟು ನನಗೇ. ಒಣಕಲು ಮೈಯವನು ನಾನು, ತಿರುಗಿ ಹೊಡೆಯುವ ತಾಕತ್ತಿರಲಿಲ್ಲ. ಓದಿದೆ, ಬರೆಯಲು ಕಲಿತೆ, ಪೇಟೆಯಲ್ಲಿ ಮೇಜು ಹಾಕಿಕೊಂಡೆ. ಅಣ್ಣ ಮಾತ್ರ ನನ್ನನ್ನು ಪುಕ್ಕಲ ಎಂದೇ ಕರೆಯುತ್ತಿದ್ದ.

ಗಂಡ ತೀರಿಕೊಂಡ ಮೇಲೆ ಅಕ್ಕ ತವರಿಗೆ ಬಂದಳು. ಹೊಳೆ ಕಡೆಯ ಹಿಪ್ಪುನೇರಳೆ ತೋಟ ಇವಳದ್ದು ಎಂದು ಅಪ್ಪ ನಾಲ್ಕು ಜನರ ಮುಂದೆ ಬಾಯಲ್ಲಿ ಹೇಳಿ ಕಣ್ಣು ಮುಚ್ಚಿದ. ಅಲ್ಲೇ ಅಕ್ಕ ರೇಷ್ಮೆ ಹುಳು ಸಾಕಿ, ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ಬದುಕಿದಳು. ಕಾಗದದಲ್ಲಿ ತೋಟ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ನನ್ನ ಪಾಲಿನ ಹೊಲ ನನಗೆ ಬಂದಿತ್ತು, ಅಣ್ಣನಿಗೂ ಅವನದ್ದು ಬಂದಿತ್ತು. ಅವನಿಗೆ ಅದೂ ಸಾಲದೆ ಅಕ್ಕನ ತೋಟವೂ ಬೇಕಾಯಿತು.

ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ಹೊಡೆದ. ಒಂದು ಸಲ ಗುದ್ದಲಿ ಕಾವಿನಲ್ಲಿ ಹೊಡೆದು ಅಕ್ಕನ ಹೆಗಲ ಮೂಳೆ ಮುರಿದ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದವಳು ಮಾರನೆಯ ದಿನ ಒಂದೇ ಕೈಯಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಅಣ್ಣ ಬದುವಿನ ಮೇಲೆ ನಿಂತಿದ್ದ. ಅವಳು ತಲೆ ಎತ್ತದೆ, "ನಿಂಗೆ ಸಾಕಾಗೋಗಂಟ ಹೊಡಿ. ತೋಟ ಬುಡಾಕಿಲ್ಲ" ಅಂದಳು.

ಎರಡು ವರ್ಷ ಹೊಡೆದು ಅವನೇ ಸುಸ್ತಾದ. ಆಮೇಲೆ ಒಂದು ದಿನ ನನ್ನ ಮೇಜಿನ ಮುಂದೆ, ಗಿರಾಕಿಗಳು ಕೂರುವ ಬೆಂಚಿನ ಮೇಲೆ ಬಂದು ಕೂತು, ಏನಾದರೂ ದಾರಿ ಹೇಳು ಎಂದು ಮೆಲ್ಲಗೆ ಕೇಳಿದ. ಹೊಡೆದರೆ ಆಗುವುದಿಲ್ಲ, ಬರೆಸಿಕೊಳ್ಳಬೇಕು ಎಂದೆ. ಹುಟ್ಟಿದಾಗಿನಿಂದ ಅವನು ನನ್ನನ್ನು ಏನನ್ನೂ ಕೇಳಿದವನಲ್ಲ. ಆ ಹೊತ್ತು ನನಗಾದ ಖುಷಿಯನ್ನು ನೆನೆದರೆ ಈಗ ಅಸಹ್ಯವಾಗುತ್ತದೆ.

ನಮ್ಮ ಕಡೆ ಹೆಣ್ಣುಮಕ್ಕಳು ಅರಿಶಿನ ಕುಂಕುಮಕ್ಕೆ ಪಾಲು ಬಿಟ್ಟುಕೊಡುವುದು ವಾಡಿಕೆ. ಒಂದು ಸೀರೆ, ಕೈತುಂಬ ಬಳೆ, ಕಚೇರಿಯಲ್ಲಿ ಒಂದು ಸಹಿ. ಅಂಥ ಹಕ್ಕು ಬಿಡುಗಡೆ ಪತ್ರಗಳನ್ನು ಎಷ್ಟು ಬರೆದೆನೋ ಲೆಕ್ಕವಿಲ್ಲ. ಬರೆದ ಮೇಲೆ ಗಟ್ಟಿಯಾಗಿ ಓದಿ ಹೇಳಬೇಕು, ಕೇಳಿ ಒಪ್ಪಿದ್ದೇನೆ ಎಂದು ಅವರು ರುಜು ಹಾಕಬೇಕು.

ದಿನ ಗೊತ್ತು ಮಾಡಿದವನು ನಾನೇ. ಅಕ್ಕನ ಹುಳು ಹಣ್ಣಾಗುವ ದಿನ. ಹಣ್ಣಾದ ಹುಳು ಸೊಪ್ಪು ಬಿಟ್ಟು ತಲೆ ಎತ್ತಿತೆಂದರೆ ತಡಮಾಡದೆ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು, ಇಲ್ಲವಾದರೆ ತಿಂಗಳ ದುಡಿಮೆ ತಟ್ಟೆಯಲ್ಲೇ ಹಾಳು. ಅಪ್ಪನ ಹೆಸರಿನಿಂದ ನಿನ್ನ ಹೆಸರಿಗೆ ಖಾತೆ ಮಾಡಿಸುತ್ತೇನೆ, ಸಾಹೇಬರು ಸಿಗುವುದು ಇವತ್ತೇ ಎಂದು ಬೆಳಗ್ಗೆಯೇ ಕರೆತಂದೆ. ಅಕ್ಕನಿಗೆ ನಿಧಾನವಾಗಿ ಓದಲು ಬರುತ್ತದೆ. ಅವತ್ತು ಜೀವವೆಲ್ಲ ಹುಳದ ಮನೆಯಲ್ಲೇ ಇತ್ತು. "ನೀನು ಬರ್ದಿದ್ದೀಯಲ್ಲ, ನಾನೇನು ಓದೋದು, ಬೇಗ ಕಳ್ಸಪ್ಪ" ಅಂದಳು. ನಾನು ಓದಿ ಹೇಳಲಿಲ್ಲ. ಒಪ್ಪಿಗೆ ಇದೆಯಾ ಎಂದು ಒಳಗೆ ಸಾಹೇಬರು ಕೇಳಿದ್ದಕ್ಕೂ ಹೂಂ ಅಂದು, ರುಜು ಹಾಕಿ, ಫೋಟೊಗೆ ನಿಂತು, ಹೆಬ್ಬೆಟ್ಟು ಒತ್ತಿ ಬಸ್ಸಿಗೆ ಓಡಿದಳು. ಯಾರ ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ ತೋಟವನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ನಾನು ಬರೆದಿದ್ದೆ.

ಹನಿ ನೀರಾವರಿಗೆ ಅರ್ಜಿ ಹಾಕಲು ಪಹಣಿ ತೆಗೆಸಿದಾಗ ಅವಳಿಗೆ ಗೊತ್ತಾಯಿತು. ದಾವೆ ಹಾಕಿದಳು. ಮುರಿದ ಹೆಗಲಿನ ಆಸ್ಪತ್ರೆ ಚೀಟಿ ಇತ್ತು, ಹೊಡೆದದ್ದನ್ನು ಕಂಡವರು ಬಂದು ಹೇಳಿದರು, ಅಪ್ಪನ ಮಾತು ಕೇಳಿದ ಮುದುಕರೂ ಬಂದರು. ಕೊನೆಗೆ ನನ್ನನ್ನು ಕರೆದರು. ಪತ್ರ ಓದಿ ಹೇಳಿದಿರಾ ಎಂದರು. ಅಣ್ಣ ಬಾಗಿಲ ಬಳಿ ತೋಳು ಕಟ್ಟಿ ನಿಂತಿದ್ದ. ಓದಿ ಹೇಳಿದೆ ಎಂದೆ. ಅಕ್ಕ ಸೋತಳು.

ಅವತ್ತು ಹೊರಗೆ ಅಣ್ಣ ನನ್ನ ಹೆಗಲ ಮೇಲೆ ಕೈ ಹಾಕಿ, "ನಾನು ಎಲ್ಡು ವರ್ಸ ಹೊಡ್ದು ಕೀಳಕ್ಕಾಗ್ದಿದ್ದುನ್ನ ನೀನು ಒಂದು ಹಾಳೇಲಿ ಕಿತ್ಬುಟ್ಟೆ ಕಣ್ಲಾ" ಅಂದ. ಪುಕ್ಕಲ ಎಂದು ಆಮೇಲೆ ಒಂದು ದಿನವೂ ಕರೆದಿಲ್ಲ.

ಅಕ್ಕ ಈಗ ಚನ್ನಪಟ್ಟಣದಲ್ಲೇ ಬಾಡಿಗೆ ಕೋಣೆಯಲ್ಲಿದ್ದಾಳೆ. ಗೊಂಬೆ ಮಾಡುವ ಮನೆಯೊಂದರಲ್ಲಿ ಮರದ ಗಿಲಕಿ ಉಜ್ಜುವ ಕೆಲಸ. ಹೋದ ತಿಂಗಳು ತಡೆಯಲಾರದೆ ಹೋದೆ. ಓದಿ ಹೇಳಲಿಲ್ಲ, ಕೋರ್ಟಿನಲ್ಲಿ ಸುಳ್ಳು ಹೇಳಿದೆ ಎಂದು ಪ್ರಮಾಣಪತ್ರ ಬರೆದುಕೊಡುತ್ತೇನೆ ಅಂದೆ. ಅವಳು ಕೈಯ ಬಣ್ಣ ಒರೆಸಿಕೊಂಡಳು.

"ಬರಿಬ್ಯಾಡ" ಅಂದಳು. "ಊರಿಗೆ ಬಾ. ಅಣ್ಣನ ಮುಂದೆ, ನಾಲ್ಕು ಜನದ ಮುಂದೆ, ಬಾಯಲ್ಲಿ ಹೇಳು."

ಹೂಂ ಅಂದು ಬಂದೆ. ಊರಿಗೆ ಹೋಗಲು ಒಂದು ಬಸ್ಸು ಸಾಕು. ಅಣ್ಣನ ಕೈ ನೆನಪಾಗುತ್ತದೆ, ಹೋಗಿಲ್ಲ. ಮೇಜಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ.