ನಾನೇ ತರಿಸಿದ ತಡೆರಹಿತ ಬಸ್ಸು

ಔರಾದದಿಂದ ಬೀದರಕ್ಕೆ ತಡೆರಹಿತ ಬಸ್ಸು ಬೇಕೆಂದು ಮನೆಮನೆಗೆ ಅಲೆದು ಅರ್ಜಿಗೆ ಸಹಿ ಹಾಕಿಸಿದವನು ನಾನು. ಔರಾದದಲ್ಲಿ ನನ್ನದೊಂದು ಜವಳಿ ಅಂಗಡಿ. ಮುಂಜಾನೆ ಹೋಗಿ ಬೀದರದಿಂದ ಮಾಲು ತಂದರೆ ಮಧ್ಯಾಹ್ನದ ಗಿರಾಕಿ ತಪ್ಪುವುದಿಲ್ಲವೆಂದು ನಾನು ಎಣಿಸಿದ್ದೆ. ದಾರಿಯಲ್ಲಿ ಎಲ್ಲಿಯೂ ನಿಲ್ಲಿಸಬಾರದೆಂಬ ವಾಕ್ಯದ ಕೆಳಗೆ ಗೆರೆ ಎಳೆದವನೂ ನಾನೇ. ಆ ಬಸ್ಸಿನಲ್ಲಿ ನನ್ನ ಗಿರಾಕಿಗಳೂ ಕೂರಬಹುದೆಂಬುದು ಮಾತ್ರ ಹೊಳೆಯಲಿಲ್ಲ.

ಮೊದಲ ದಿನವೇ ಹತ್ತಿದೆ. ಎರಡನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ, ನನ್ನ ಒಡಹುಟ್ಟಿದ ತಂಗಿ. ಅವಳ ಹಿಂದೆ ಮದುವೆ ಗೊತ್ತಾಗಿದ್ದ ಅವಳ ಮಗಳು, ಮತ್ತೆ ಮೂವರು ಹೆಂಗಸರು, ಎಲ್ಲರ ಕೈಯಲ್ಲೂ ಖಾಲಿ ಚೀಲ. ನಮ್ಮಲ್ಲಿ ಮದುವೆಯ ಬಟ್ಟೆಯನ್ನೆಲ್ಲ ಎರಡೂ ಕಡೆಯ ಬೀಗರು ಕೂಡಿ ಒಂದೇ ಅಂಗಡಿಯಲ್ಲಿ ಆರಿಸುತ್ತಾರೆ. ಅದಕ್ಕೆ ಬಸ್ತಾ ಎನ್ನುತ್ತೇವೆ. ಈ ಬಸ್ತಾ ನನ್ನ ಅಂಗಡಿಯದೇ ಎಂದು ಹುಡುಗಿ ಹುಟ್ಟಿದಂದಿನಿಂದ ನಂಬಿದ್ದೆ.

"ಎಲ್ಲಿಗಿ ಹೊಂಟೀರಿ?" ಎಂದೆ.

"ಬೀದರಕ್ಕ, ಬಸ್ತಾಕ್ಕ. ಅಣ್ಣಾ, ಈ ಬಸ್ ಹಾಕ್ಸಿ ಪುಣ್ಯಾ ಕಟ್ಕೊಂಡಿ ನೋಡು."

ಸಿಟ್ಟಿನಿಂದ ಎದ್ದು, ದಾರಿಯಲ್ಲಿ ಬರುವ ಜನವಾಡದಲ್ಲಿ ಇಳಿಸಲು ಕಂಡಕ್ಟರ್‌ಗೆ ಹೇಳಿದೆ.

"ಕಾಕಾ, ಎಲ್ಲೂ ನಿಲ್ಲಂಗಿಲ್ರಿ. ಅರ್ಜಿ ಬರ್ದಾವ್ರು ನೀವೇ ಅಂತಲ್ರಿ?" ಎಂದ ಕಂಡಕ್ಟರ್. ಇಡೀ ಬಸ್ಸು ನಕ್ಕಿತು. ಯಾರು ಯಾರು ನಕ್ಕರೆಂಬುದು ಇಂದಿಗೂ ನೆನಪಿದೆ.

"ಸಿಟ್ಟಾಗಬ್ಯಾಡ," ಎಂದಳು ತಂಗಿ. "ಬೀಗರು ಭಾಲ್ಕಿಯಿಂದ ರೈಲಿನಾಗ ಬೀದರಕ್ಕ ಬರ್ತಾರ. ಔರಾದಕ್ಕ ಮತ್ತೊಂದು ಬಸ್ ಹತ್ತಿ ಬರ್ರಿ ಅಂತ ಹ್ಯಾಂಗ ಅನ್ಲಿ?"

ನಮ್ಮ ಬಸ್ಸೂ ಅವರ ರೈಲೂ ಕೂಡುವುದು ಬೀದರದಲ್ಲಿ; ಅಲ್ಲಿಯ ವ್ಯಾಪಾರಿ ಗಾದಿ ಬಿಟ್ಟೇಳದೆಯೇ ಎರಡೂ ಊರಿನ ಗಿರಾಕಿಯನ್ನು ಬರಮಾಡಿಕೊಳ್ಳುತ್ತಾನೆ.

ಸೋದರಮಾವನಿಲ್ಲದ ಬಸ್ತಾ ಶೋಭಿಸದೆಂದು ತಂಗಿ ನನ್ನನ್ನೂ ಅಂಗಡಿಗೆ ಎಳೆದೊಯ್ದಳು. ಮೂಲೆ ಹಿಡಿದು ಮುಖ ತಿರುಗಿಸಿ ಕುಳಿತೆ. ಆದರೆ ಆ ವ್ಯಾಪಾರಿ ಸಾದಾ ಜರಿಯನ್ನು ಅಸಲಿ ಎಂದಾಗ ಸುಮ್ಮನಿರಲಾಗಲಿಲ್ಲ. ಸೆರಗು ತಿರುವಿ ಬೀಗರಿಗೆ ತೋರಿಸಿದೆ. ಆಮೇಲೆ ಒಂದೊಂದು ಸೀರೆಯೂ ನನ್ನ ಕೈ ದಾಟಿಯೇ ಹೋಯಿತು.

"ಸಾಹೇಬ್ರ, ನೀವು ಗಿರಾಕಿ ಅದೀರೋ, ಜಪ್ತಿಗಿ ಬಂದೀರೋ?" ಎಂದು ವ್ಯಾಪಾರಿ ಬೆವರು ಒರೆಸಿಕೊಂಡ.

ಸಂಜೆ ಬಟ್ಟೆಯ ಗಂಟು ನನ್ನ ತೊಡೆಯ ಮೇಲೆಯೇ ಔರಾದಕ್ಕೆ ಬಂತು. ಬಸ್ಸು ನನ್ನ ಅಂಗಡಿಯ ಮುಂದೆ ಹಾಯುವಾಗ ಪಕ್ಕದ ಪಾತ್ರೆ ಅಂಗಡಿಯವರು ಕೈಬೀಸಿದರು. ನಾನೂ ಒಂದು ಕೈ ಎತ್ತಿದೆ. ಇನ್ನೊಂದು ಕೈ ಗಂಟಿನ ಮೇಲೆ ಅಚ್ಚಾಗಿದ್ದ ಬೀದರದ ಅಂಗಡಿಯ ಹೆಸರನ್ನು ಮುಚ್ಚಿಕೊಂಡಿತ್ತು.